ದುಡುಕು ಮತ್ತು ದಾಂಪತ್ಯ: ಲಕ್ಕಮ್ಮನವರು ತಡೆದು ನಿಲ್ಲಿಸಿದ ಒಂದು ಗಳಿಗೆ



ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕಲ್ಯಾಣಕ್ಕೆ ಬಂದು ನೆಲೆಸಿದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ಮನೆಗೆ ಬಂದರು. ಲಕ್ಕಮ್ಮನವರು ಅದನ್ನು ಕಂಡು, ಈ ಆಸೆ ಎಲ್ಲಿಂದ ಬಂದಿತೆಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ಮೊದಲಿದ್ದ ಸ್ಥಳಕ್ಕೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಪ್ರಸಂಗ ಇಷ್ಟೆ.

ಈ ಪ್ರಸಂಗವನ್ನು ಪ್ರವಚನಗಳಲ್ಲಿ ಸಾಮಾನ್ಯವಾಗಿ ಕಾಯಕ ಮತ್ತು ಅಪರಿಗ್ರಹದ ನಿದರ್ಶನವಾಗಿ ವಿವರಿಸುತ್ತೇವೆ. ಅದು ಸರಿಯೇ. ಆದರೆ ಮಠದ ಗ್ರಂಥಾಲಯದಲ್ಲಿ ಕುಳಿತು ಈ ದಂಪತಿಗಳ ವಚನಗಳನ್ನು ಓದುವಾಗಲೆಲ್ಲ ನನ್ನ ಮನಸ್ಸು ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಇದು ಒಬ್ಬ ಗಂಡ, ಒಬ್ಬ ಹೆಂಡತಿ, ಒಂದು ಸಂಜೆ, ಒಂದು ಮನೆಯ ಹೊಸ್ತಿಲು ಸೇರಿ ಆದ ಘಟನೆ. ಒಬ್ಬರು ಭರದಲ್ಲಿ ಒಂದು ಕೆಲಸ ಮಾಡಿ ಬಂದಿದ್ದಾರೆ; ಇನ್ನೊಬ್ಬರು ಅದನ್ನು ತಡೆದು ನಿಲ್ಲಿಸಬೇಕಾಗಿದೆ. ಇಂತಹ ಗಳಿಗೆ ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಬಾರದಿರುವುದಿಲ್ಲ. ಅದೇ ಗಳಿಗೆಯಲ್ಲಿ ಎಷ್ಟೋ ದಾಂಪತ್ಯಗಳು ಬಿರುಕು ಬಿಡುತ್ತವೆ. ಮಾರಯ್ಯ-ಲಕ್ಕಮ್ಮರ ದಾಂಪತ್ಯ ಆ ಗಳಿಗೆಯನ್ನು ದಾಟಿ ಗಟ್ಟಿಯಾಯಿತು. ಅದು ಹೇಗೆ ಸಾಧ್ಯವಾಯಿತೆಂಬುದು ಈ ಲೇಖನದ ಜಿಜ್ಞಾಸೆ.

ದುಡುಕು ಎಂದರೇನು?

ದುಡುಕು ಎಂದೊಡನೆ ನಮಗೆ ಸಿಟ್ಟು ನೆನಪಾಗುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಕೇಳಿದ್ದು ಇದನ್ನು ಕುರಿತೇ. ಆದರೆ ಸಿಟ್ಟು ದುಡುಕಿನ ಒಂದು ಮುಖ ಮಾತ್ರ. ಮನಶ್ಶಾಸ್ತ್ರಜ್ಞರಾದ ವೈಟ್‌ಸೈಡ್ ಮತ್ತು ಲೈನಮ್ ಎಂಬುವರು 2001ರಲ್ಲಿ ದುಡುಕಿನ ಸ್ವಭಾವವನ್ನು ನಾಲ್ಕು ಎಳೆಗಳಾಗಿ ಬಿಡಿಸಿ ತೋರಿಸಿದರು. ಮನಸ್ಸು ಕುದಿಯುತ್ತಿರುವಾಗ ತಡೆಯಲಾರದೆ ಏನನ್ನೋ ಮಾಡಿಬಿಡುವುದು ಒಂದು. ಮುಂದಾಲೋಚನೆ ಇಲ್ಲದೆ ಹೆಜ್ಜೆ ಇಡುವುದು ಎರಡು. ಹಿಡಿದ ಕೆಲಸವನ್ನು ಬೇಸರ ಬಂದೊಡನೆ ಅರ್ಧಕ್ಕೆ ಬಿಡುವುದು ಮೂರು. ಹೊಸತು, ಸಾಹಸ, ರೋಮಾಂಚನ ಇವುಗಳ ಬೆನ್ನು ಹತ್ತುವುದು ನಾಲ್ಕು. ಮುಂದೆ ಸೈಡರ್ಸ್ ಮತ್ತು ಸ್ಮಿತ್ ಮೊದಲಾದ ವಿದ್ವಾಂಸರು ಐದನೆಯದೊಂದನ್ನು ಸೇರಿಸಿದರು. ಅದು ಸಂತೋಷದ ಭರದಲ್ಲಿ ಮಾಡುವ ದುಡುಕು. ಹಿಗ್ಗು ಉಕ್ಕಿದಾಗ ವಿವೇಕ ತಪ್ಪುವುದೂ ಉಂಟು ಎಂಬುದು ಇದರ ತಾತ್ಪರ್ಯ.

ಈ ಐದನೆಯ ಎಳೆಯನ್ನು ಓದಿದಾಗ ನನಗೆ ಮಾರಯ್ಯನವರು ನೆನಪಾದರು. ಅವರು ಹೆಚ್ಚು ಅಕ್ಕಿಯನ್ನು ತಂದದ್ದು ಕಳ್ಳತನದಿಂದಲ್ಲ, ಸಿಟ್ಟಿನಿಂದಲೂ ಅಲ್ಲ. ದಾಸೋಹಕ್ಕೆ ಇನ್ನಷ್ಟು ಒದಗಲಿ ಎಂಬ ಉತ್ಸಾಹವೇ ಅವರ ಕೈಯನ್ನು ಮುಂದಕ್ಕೆ ನೀಡಿಸಿತೆಂದು ನಾನು ಭಾವಿಸುತ್ತೇನೆ. ಒಳ್ಳೆಯ ಉದ್ದೇಶದ ದುಡುಕನ್ನು ತಡೆಯುವುದು ಕೆಟ್ಟ ಉದ್ದೇಶದ ದುಡುಕನ್ನು ತಡೆಯುವುದಕ್ಕಿಂತ ಕಷ್ಟ. ಕೆಟ್ಟದ್ದನ್ನು ಮಾಡಿದವನಿಗೆ ಒಳಗೊಳಗೇ ಅಳುಕಿರುತ್ತದೆ. ಒಳ್ಳೆಯದನ್ನೇ ಮಾಡಿದೆನೆಂದು ಹಿಗ್ಗಿ ಬಂದವನನ್ನು ಹೊಸ್ತಿಲಲ್ಲೇ ಪ್ರಶ್ನಿಸಿದರೆ ಅವನ ಮುಖ ಬಾಡುತ್ತದೆ, ಮಾತು ಬಿರುಸಾಗುತ್ತದೆ. ಹಬ್ಬದ ಮುಂಗಡವನ್ನೆಲ್ಲ ಒಂದೇ ಸಂಜೆ ಬಟ್ಟೆಯಂಗಡಿಗೆ ಸುರಿದು ಬಂದ ಗಂಡನಿಗೆ, ಮಹಿಳಾ ಸಂಘದ ಸಾಲದ ಕಂತಿನ ಹಣವನ್ನು ತಂಗಿಯ ಕಷ್ಟಕ್ಕೆಂದು ಕೊಟ್ಟು ಬಂದ ಹೆಂಡತಿಗೆ ಪ್ರಶ್ನೆ ಕೇಳಿ ನೋಡಿದವರಿಗೆ ಇದರ ಅನುಭವವಿರುತ್ತದೆ.

ಲಕ್ಕಮ್ಮನವರು ಕೇಳಿದ ರೀತಿಯನ್ನು ಗಮನಿಸಬೇಕು. ನೀವು ಯಾವಾಗಲೂ ಹೀಗೆಯೇ ಎಂದು ಅವರು ಗಂಡನ ಸ್ವಭಾವಕ್ಕೆ ಬಿರುದು ಕಟ್ಟಲಿಲ್ಲ. ನೆರೆಹೊರೆಯವರ ಮುಂದೆ ಹಂಗಿಸಲಿಲ್ಲ. ಈ ಅಕ್ಕಿ, ಈ ದಿನ, ಈ ಅಳತೆ ಎಂದು ಮಾತನ್ನು ಎದುರಿಗಿದ್ದ ವಸ್ತುವಿಗೆ ಸೀಮಿತಗೊಳಿಸಿದರು. ತಮ್ಮ ಇಷ್ಟವನ್ನು ಮುಂದಿಡದೆ, ಇಬ್ಬರೂ ಕೂಡಿ ಒಪ್ಪಿಕೊಂಡಿದ್ದ ವ್ರತವನ್ನು ಮುಂದಿಟ್ಟರು. ತಿದ್ದಿಕೊಳ್ಳುವ ದಾರಿಯನ್ನೂ ಕೂಡಲೇ ತೋರಿಸಿದರು. ಹೋಗಿ ಸುರಿದು ಬಂದರೆ ಮುಗಿಯಿತು, ಮನೆಯಲ್ಲಿ ಮತ್ತೆ ಆ ಮಾತಿಲ್ಲ. ಲಕ್ಕಮ್ಮನವರ ವಚನಗಳ ಅಂಕಿತದಲ್ಲಿ ಮಾರಯ್ಯಪ್ರಿಯ ಎಂಬ ಪದವಿದೆ. ಗಂಡನ ಹೆಸರನ್ನು ತಮ್ಮ ದೇವರ ಹೆಸರಿನೊಡನೆ ಹೊಸೆದುಕೊಂಡ ತಾಯಿಯೇ ಆ ಗಂಡನನ್ನು ತಿದ್ದಿದ್ದಾರೆ. ಪ್ರೀತಿಯೂ ತಿದ್ದುವಿಕೆಯೂ ಎದುರಾಳಿಗಳಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಮಾರಯ್ಯನವರ ಪಾಲು. ಪ್ರವಚನಗಳಲ್ಲಿ ನಾವು ಲಕ್ಕಮ್ಮನವರನ್ನು ಹೊಗಳಿ ಮುಂದೆ ಹೋಗುತ್ತೇವೆ. ಆದರೆ ಹೊತ್ತು ತಂದ ಗಂಟನ್ನು ಮತ್ತೆ ಹೆಗಲಿಗೇರಿಸಿ, ಬಂದ ದಾರಿಯಲ್ಲೇ ತಿರುಗಿ ನಡೆದ ಆ ಮನುಷ್ಯನ ಹೆಜ್ಜೆಗಳನ್ನು ಒಮ್ಮೆ ಕಲ್ಪಿಸಿಕೊಳ್ಳೋಣ. ದಾರಿಯಲ್ಲಿ ಯಾರಾದರೂ ಕಂಡು ಕೇಳಿರಬಹುದು. ಹೆಂಡತಿ ಹೇಳಿದಳೆಂದು ತಿರುಗಿ ಬಂದೆಯಾ ಎಂದು ನಕ್ಕಿರಬಹುದು. ಆ ನಗೆಯನ್ನು ತಾಳಿಕೊಳ್ಳುವ ಶಕ್ತಿ ಅವರಲ್ಲಿತ್ತು. ದುಡುಕುವುದು ಮನುಷ್ಯಸಹಜ. ದುಡುಕಿದ ಮೇಲೆ ತಿರುಗಿ ನಡೆಯುವುದು ಸಾಧನೆಯಿಂದ ಬರುವಂಥದು.

ನನ್ನ ತಾಯಿ-ತಂದೆಯರಲ್ಲಿ ನಾನು ಕಂಡದ್ದು

ದಾಂಪತ್ಯದಲ್ಲಿ ಒಬ್ಬರು ಬಿರುಸು, ಇನ್ನೊಬ್ಬರು ನಿಧಾನ ಎಂಬ ಜೋಡಿಯನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯಲ್ಲೇ. ನನ್ನ ತಾಯಿಯವರದು ಬಿರುಸಿನ ಸ್ವಭಾವ. ಒಂದು ಮಳೆಗಾಲದ ರಾತ್ರಿ ನಮ್ಮ ಓಣಿಯ ಒಂದು ಮನೆಯ ಮಾಳಿಗೆ ಕುಸಿಯಿತು. ಅವ್ವ ಯಾರನ್ನೂ ಕೇಳದೆ, ಕಂದೀಲು ಹಿಡಿದು ಹೋಗಿ, ಆ ಮನೆಯ ಐದು ಜನರನ್ನೂ ಕರೆದುಕೊಂಡು ಬಂದರು. ತಂದೆಯವರು ಎದ್ದು ಕುಳಿತು ಕೇಳಿದ್ದು ಒಂದೇ ಮಾತು: "ಹಾಸಿಗಿ ಸಾಲ್ತಾವೇನು?" ಆ ಕುಟುಂಬ ನಮ್ಮ ಪಡಸಾಲೆಯಲ್ಲಿ ಇಪ್ಪತ್ತು ದಿನ ಇದ್ದಿತು. ಅವ್ವ ಆ ರಾತ್ರಿ ಕುಳಿತು ಲೆಕ್ಕ ಹಾಕಿದ್ದರೆ ಆ ಮಕ್ಕಳು ಮಳೆಯಲ್ಲೇ ನೆನೆಯುತ್ತಿದ್ದವು.

ಅದೇ ಬಿರುಸು ಬೇರೆ ದಿನಗಳಲ್ಲಿ ಮಾತಿನ ರೂಪದಲ್ಲಿ ಹೊರಬೀಳುತ್ತಿತ್ತು. ಮುಂಜಾನೆಯ ಗಡಿಬಿಡಿಯಲ್ಲಿ ಅವ್ವನ ಬಾಯಿಂದ ಒಂದು ಮಾತು ಬಂದಿತೆಂದರೆ ಅದು ಕತ್ತರಿಯಂತೆ ಇರುತ್ತಿತ್ತು. ತಂದೆಯವರು ಆಗ ಉತ್ತರ ಕೊಡುತ್ತಿರಲಿಲ್ಲ. ಪಂಚೆಯನ್ನು ಕೊಡವಿ ಹೊಲದ ಕಡೆ ನಡೆಯುತ್ತಿದ್ದರು. ಬಹಳ ವರ್ಷಗಳವರೆಗೆ ನಾನು ಅದನ್ನು ಮೌನವೆಂದೇ ತಿಳಿದಿದ್ದೆ. ಬೆಳೆದ ಮೇಲೆ ಗಮನಿಸಿದಾಗ ಅದು ಮೌನವಲ್ಲ, ಮುಂದೂಡಿಕೆ ಎಂಬುದು ಹೊಳೆಯಿತು. ರಾತ್ರಿ ಊಟವಾಗಿ, ಎಲೆ-ಅಡಿಕೆಯ ತಟ್ಟೆ ಎಳೆದುಕೊಂಡು ಕುಳಿತಾಗ ಅವರು ಮೆಲ್ಲಗೆ, "ಮುಂಜಾನೆ ನೀ ಒಂದು ಮಾತು ಅಂದಿಯಲ್ಲ, ಅದರ ಬಗ್ಗೆ ಮಾತಾಡೂಣು" ಎಂದು ತೆಗೆಯುತ್ತಿದ್ದರು. ಮಾತು ಸತ್ತು ಹೋಗಲು ಅವರು ಬಿಡುತ್ತಿರಲಿಲ್ಲ. ಬಿಸಿ ಆರಲು ಮಾತ್ರ ಬಿಡುತ್ತಿದ್ದರು. ಅವ್ವನೂ ಆ ಹೊತ್ತಿಗೆ ತಮ್ಮ ಮಾತನ್ನು ತಾವೇ ತೂಗಿ ನೋಡಿರುತ್ತಿದ್ದರು. ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯಲ್ಲಿ ಉಣ್ಣುವುದಕ್ಕೂ ಮಲಗುವುದಕ್ಕೂ ನಡುವೆ ಸ್ವಲ್ಪ ಹೊತ್ತಿದೆ. ನಮ್ಮ ಮನೆಯಲ್ಲಿ ಆ ಹೊತ್ತು ಖಾಲಿ ಇರುತ್ತಿರಲಿಲ್ಲ.

ಇದರಿಂದ ನಾನು ತಿಳಿದುಕೊಂಡದ್ದೇನೆಂದರೆ, ಬಿರುಸು ಸ್ವಭಾವವೇ ದೋಷವಲ್ಲ. ಅದೇ ಬಿರುಸು ಒಂದು ರಾತ್ರಿ ಐದು ಜನರಿಗೆ ಸೂರಾಯಿತು. ಆ ಬಿರುಸಿನ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ. ಆ ಇಪ್ಪತ್ತು ದಿನ ಎರಡು ಪಟ್ಟು ರೊಟ್ಟಿ ಬಡಿದವರು ಅವ್ವನೇ. ತಮ್ಮ ಆವೇಗದ ಭಾರವನ್ನು ತಾವೇ ಹೊತ್ತವರನ್ನು ಕಂಡರೆ ಸಂಗಾತಿಗೆ ಗೌರವ ಹೆಚ್ಚುತ್ತದೆ. ಆವೇಗ ಒಬ್ಬರದು, ಭಾರ ಇನ್ನೊಬ್ಬರದು ಎಂದಾದಾಗ ಮನಸ್ಸು ಮುರಿಯುತ್ತದೆ.

ತಾಳ್ಮೆಯನ್ನು ಯಾರಿಗೆ ಬೋಧಿಸಬೇಕು?

ಮದುವೆಯ ಮಂಟಪದಲ್ಲಿ ತಾಳ್ಮೆಯ ಉಪದೇಶ ಯಾರಿಗೆ ಸಲ್ಲುತ್ತದೆ ಎಂಬುದನ್ನು ಬಂಧುಗಳು ಒಮ್ಮೆ ನೆನಪಿಸಿಕೊಳ್ಳಬೇಕು. ಮದುಮಗಳಿಗೆ ತವರಿನವರು, ಅತ್ತೆಯ ಮನೆಯವರು, ಅಕ್ಷತೆ ಹಾಕಲು ಬಂದ ಹಿರಿಯರು ಎಲ್ಲರೂ ಹೇಳುತ್ತಾರೆ: ಹೊಂದಿಕೊಂಡು ಹೋಗು, ತಾಳಿದವರು ಬಾಳಿಯಾರು. ಮದುಮಗನ ಕಿವಿಯಲ್ಲಿ ಈ ಮಾತನ್ನು ಹೇಳುವವರು ವಿರಳ. ಅವನ ಸಿಟ್ಟನ್ನು, ಸ್ವಲ್ಪ ಮುಂಗೋಪಿ, ಮನಸ್ಸು ಮಾತ್ರ ಬಂಗಾರ ಎಂದು ಪರಿಚಯಿಸುವುದೇ ರೂಢಿ.

ಈ ರೂಢಿಗೆ ಎದುರಾಗಿ ನಿಲ್ಲುವ ಒಂದು ಅಧ್ಯಯನವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆಲ್ಲಿಯವರು 1930ರ ದಶಕದ ಮಧ್ಯಭಾಗದಲ್ಲಿ, ಮದುವೆ ನಿಶ್ಚಯವಾಗಿದ್ದ 300 ಜೋಡಿಗಳನ್ನು ಗುರುತಿಸಿ, ಅವರ ಸ್ವಭಾವವನ್ನು ಅವರ ಪರಿಚಿತರಿಂದಲೇ ಕೇಳಿ ದಾಖಲಿಸಿಕೊಂಡರು. ಆ ಜೋಡಿಗಳ ಬದುಕನ್ನು 1980ರ ಸುಮಾರಿನವರೆಗೆ, ಅಂದರೆ ನಾಲ್ಕು ದಶಕಗಳಿಗೂ ಮಿಕ್ಕಿದ ಕಾಲ ಅನುಸರಿಸಿದರು. ಕೆಲ್ಲಿ ಮತ್ತು ಕಾನ್ಲಿ ಇಬ್ಬರೂ ಕೂಡಿ 1987ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ದಾಂಪತ್ಯದ ಏಳುಬೀಳುಗಳೊಂದಿಗೆ ಬಲವಾಗಿ ತಳಕು ಹಾಕಿಕೊಂಡಿದ್ದ ಮೂರು ಗುಣಗಳು ಎದ್ದು ಕಂಡವು. ಗಂಡನ ಮನಸ್ಸಿನ ಅಸ್ಥಿರತೆ, ಹೆಂಡತಿಯ ಮನಸ್ಸಿನ ಅಸ್ಥಿರತೆ, ಮೂರನೆಯದಾಗಿ ಗಂಡನ ಆವೇಗಕ್ಕೆ ಕಡಿವಾಣವಿಲ್ಲದಿರುವುದು. ಅದು ಬೇರೆ ದೇಶ, ಬೇರೆ ಕಾಲ. ಅದನ್ನು ನಮ್ಮ ಮನೆಗಳ ಮೇಲೆ ನೇರವಾಗಿ ಹೊರಿಸುವುದು ಸಲ್ಲದು. ಆದರೂ ಕಡಿವಾಣದ ಉಪದೇಶವೆಲ್ಲ ಹೆಂಡತಿಗೇ ಸಲ್ಲುವ ನಮ್ಮ ಸಮಾಜ ಈ ಮೂರನೆಯ ಅಂಶದ ಮುಂದೆ ಒಂದು ಕ್ಷಣ ನಿಲ್ಲಬೇಕು.

ಬಸವಣ್ಣನವರು ಏಳು ನಿಷೇಧಗಳನ್ನು ಹೇಳಿದ ಪ್ರಸಿದ್ಧ ವಚನವನ್ನು ಮಠದ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದಾರೆ. ಅಲ್ಲಿ ಮುನಿಸಿನ ನಿಷೇಧ ನಾಲ್ಕನೆಯದು. ಅದರ ಹಿಂದೆ ಮೂರು, ಮುಂದೆ ಮೂರು ನಿಷೇಧಗಳಿದ್ದು ಅದು ಸರಿಯಾಗಿ ನಡುವೆ ಇದೆ. ಬಸವಣ್ಣನವರು ಅದನ್ನು ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಎಂದು ವಿಂಗಡಿಸಲಿಲ್ಲ. ಕಳ್ಳತನ, ಕೊಲೆ, ಹುಸಿ ಇವುಗಳ ಸಾಲಿನಲ್ಲೇ ಮುನಿಸನ್ನೂ ಇಟ್ಟರು. ಮುಂಗೋಪಿಯನ್ನು ಬಂಗಾರದ ಮನುಷ್ಯ ಎನ್ನುವ ನಾವು, ಕಳ್ಳನನ್ನು ಕುರಿತು ಹಾಗೆ ಹೇಳುತ್ತೇವೆಯೇ ಎಂದು ಯೋಚಿಸಬೇಕು.

ಒಂದು ಎಮ್ಮೆಯ ಪ್ರಸಂಗ

ಮಠದಲ್ಲಿ ಪೂಜ್ಯರ ದರ್ಶನಕ್ಕೆ ಬರುವ ಭಕ್ತರಲ್ಲಿ ದಂಪತಿಗಳ ಮನಸ್ತಾಪವನ್ನು ಹೇಳಿಕೊಳ್ಳುವವರೂ ಇರುತ್ತಾರೆ. ಅಂಥ ಒಂದು ಪ್ರಸಂಗವನ್ನು, ಆ ದಂಪತಿಗಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇಲ್ಲಿ ಬರೆಯುತ್ತಿದ್ದೇನೆ.

ಆ ಮನೆಯಲ್ಲಿ ಒಂದು ಹೈನದ ಎಮ್ಮೆ ಇತ್ತು. ಹೆಂಡತಿ ಅದನ್ನು ಕಟ್ಟಿ, ಮೇವು ಹಾಕಿ, ಹಾಲನ್ನು ಡೇರಿಗೆ ಹಾಕಿ ಮಕ್ಕಳ ಶಾಲೆಯ ಖರ್ಚು ನೋಡಿಕೊಳ್ಳುತ್ತಿದ್ದರು. ಒಂದು ಮುಂಜಾನೆ ಮೇವಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಗಂಡ ಎಮ್ಮೆಯ ಹಗ್ಗ ಬಿಚ್ಚಿಕೊಂಡು ಸಂತೆಗೆ ಹೋಗಿ, ಬಂದ ಬೆಲೆಗೆ ಮಾರಿ, ಹಣವನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಹೆಂಡತಿ ಮಕ್ಕಳೊಡನೆ ತವರಿಗೆ ಹೋದರು. ಎರಡು ತಿಂಗಳ ಮೇಲೆ ಹಿರಿಯರು ಇಬ್ಬರನ್ನೂ ಮಠಕ್ಕೆ ಕರೆತಂದರು.

ಗಂಡ ಕೈಮುಗಿದು, "ಸಿಟ್ಟಿನ ಕೈಯಾಗ ಆತ್ರೀ ಅಪ್ಪಾರ. ಬೇಕಾದ್ರ ಇಂಥಾ ಎರಡು ಎಮ್ಮಿ ತಂದು ಕಟ್ಟತೀನಿ" ಎಂದರು. ಅವರು ಅಳುತ್ತಿದ್ದರು, ಆ ಅಳುವಿನಲ್ಲಿ ಕಪಟವಿರಲಿಲ್ಲ. ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, "ಎಮ್ಮಿ ಹೋದದ್ದಕ್ಕಲ್ಲರೀ ಅಪ್ಪಾರ. ನಾಳೆ ಸಿಟ್ಟು ಬಂದ್ರ ಏನು ಮಾರತಾರೋ ಗೊತ್ತಿಲ್ಲ. ಅದನ್ನ ನೆನೆಸಿಕೊಂಡ್ರ ನಿದ್ದಿ ಹತ್ತೂದಿಲ್ಲ" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ದುಡುಕು ದಾಂಪತ್ಯದಿಂದ ಕಸಿದುಕೊಳ್ಳುವುದು ಎಮ್ಮೆಯನ್ನಲ್ಲ, ನಾಳೆಯನ್ನು. ಸಂಗಾತಿ ನಾಳೆಯೂ ಇಂದಿನಂತೆಯೇ ಇರುತ್ತಾನೆ, ಇರುತ್ತಾಳೆ ಎಂಬ ನಂಬಿಕೆಯ ಮೇಲೆ ಮನೆ ನಿಂತಿರುತ್ತದೆ. ಆ ನಂಬಿಕೆ ಸಡಿಲವಾದಾಗ ಇನ್ನೊಬ್ಬರು ಸದಾ ಎಚ್ಚರದಲ್ಲಿ ಬದುಕತೊಡಗುತ್ತಾರೆ. ಮುಖ ನೋಡಿ ಮಾತಾಡುತ್ತಾರೆ, ಹಣವನ್ನು ಬಚ್ಚಿಡುತ್ತಾರೆ, ಸಂತೋಷದ ಸುದ್ದಿಯನ್ನೂ ಸಮಯ ನೋಡಿ ಹೇಳುತ್ತಾರೆ. ಹೊರಗಿನಿಂದ ನೋಡಿದವರಿಗೆ ಜಗಳವಿಲ್ಲದ ಮನೆಯಂತೆ ಕಾಣುತ್ತದೆ. ಒಳಗೆ ಸಂತೃಪ್ತಿ ಎಂಬುದು ಬತ್ತಿ ಹೋಗಿರುತ್ತದೆ.

ಪೂಜ್ಯರು ಆ ತಾಯಿಗೆ ತಾಳಿಕೋ ಎನ್ನಲಿಲ್ಲ. ಗಂಡನ ಕಡೆಗೆ ತಿರುಗಿ, "ತಮ್ಮಾ, ಎಮ್ಮಿ ತರೂದು ಸರಳ ಅದ. ನಾಳೆ ಏನಾಗತದ ಅನ್ನೂದು ಆಕಿಗೆ ಗೊತ್ತಿರಬೇಕು. ಅದಕ್ಕ ಏನು ಮಾಡತಿ?" ಎಂದು ಕೇಳಿದರು. ಆ ಪ್ರಶ್ನೆಯಿಂದ ಮೂರು ಒಪ್ಪಂದಗಳು ಹುಟ್ಟಿದವು. ಕೊಳ್ಳುವುದಾಗಲಿ ಮಾರುವುದಾಗಲಿ, ದೊಡ್ಡ ವ್ಯವಹಾರಕ್ಕೆ ಒಂದು ರಾತ್ರಿ ನಡುವೆ ದಾಟಬೇಕು. ಎಮ್ಮೆಯ ಹಣ ಇಬ್ಬರ ಹೆಸರಿನ ಬ್ಯಾಂಕ್ ಖಾತೆಯಲ್ಲಿರಬೇಕು. ಸಿಟ್ಟು ಬಂದಾಗ ಮನೆಬಿಟ್ಟು ಹೊರಗೆ ಹೋಗಬಹುದು, ಆದರೆ ಎಲ್ಲಿಗೆ, ಯಾವಾಗ ತಿರುಗಿ ಬರುವುದು ಎಂದು ಹೇಳಿ ಹೋಗಬೇಕು. ಹೆಂಡತಿ ಅಂದೇ ಗಂಡನ ಮನೆಗೆ ಹೋಗಲಿಲ್ಲ. ನೋಡಿ ಹೇಳುತ್ತೇನೆ ಎಂದರು. ಪೂಜ್ಯರು ಅದನ್ನೂ ಒಪ್ಪಿದರು. ಮುಂದೆ ಕೆಲವು ತಿಂಗಳ ಮೇಲೆ ಆ ತಾಯಿ ಶ್ರಾವಣದ ಪ್ರಸಾದಕ್ಕೆ ಬಂದಾಗ ನಾನು ಕುಶಲ ವಿಚಾರಿಸಿದೆ. "ಸಿಟ್ಟು ಇನ್ನೂ ಬರತದರೀ. ಈಗ ಹೊಲಕ್ಕ ಹೋಗತಾರ. ಹೇಳಿ ಹೋಗತಾರ" ಎಂದರು. ಹೇಳಿ ಹೋಗುತ್ತಾರೆ ಎನ್ನುವಾಗ ಅವರ ದನಿಯಲ್ಲಿ ಒಂದು ನೆಮ್ಮದಿ ಇತ್ತು.

ಬಿಸಿ ಆರುವ ಹೊತ್ತು

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಂಪತಿಗಳ ಸಂಭಾಷಣೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಅವರು ಜಗಳದ ವೇಳೆ ಗಂಡ-ಹೆಂಡಿರ ಎದೆಬಡಿತವನ್ನು ಅಳೆದವರು. ಎದೆಬಡಿತ ನಿಮಿಷಕ್ಕೆ 100ನ್ನು ಮೀರಿತೆಂದರೆ ಮನುಷ್ಯನಿಗೆ ಎದುರಿನವರ ಮಾತು ಕೇಳಿಸಿಕೊಳ್ಳುವುದೇ ಕಷ್ಟವಾಗುತ್ತದೆ, ದೇಹ ತಣಿಯಲು ಕನಿಷ್ಠ 20 ನಿಮಿಷವಾದರೂ ಬೇಕು ಎಂಬುದು ಅವರ ಸಲಹೆ. ಆ ಹೊತ್ತಿನಲ್ಲಿ ಜಗಳವನ್ನೇ ಮೆಲುಕು ಹಾಕುತ್ತಿರಬಾರದು, ತಣಿದ ಮೇಲೆ ಮಾತಿಗೆ ತಿರುಗಿ ಬರಬೇಕು ಎಂಬುದೂ ಅದರ ಭಾಗ. ನನ್ನ ತಂದೆಯವರಿಗೆ ಈ ಲೆಕ್ಕ ತಿಳಿದಿರಲಿಲ್ಲ. ಆದರೆ ಮುಂಜಾನೆಯ ಮಾತಿಗೂ ರಾತ್ರಿಯ ಎಲೆ-ಅಡಿಕೆಗೂ ನಡುವೆ ಒಂದು ಹೊಲದಷ್ಟು ಅಂತರವನ್ನು ಅವರು ಇಟ್ಟುಕೊಂಡಿದ್ದರು.

ಇನ್ನೊಂದು ಪ್ರಯೋಗ ನಮ್ಮ ಪರಂಪರೆಗೆ ಹತ್ತಿರದ್ದೆಂದು ನನಗೆ ತೋರುತ್ತದೆ. ಫಿಂಕೆಲ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120 ದಂಪತಿಗಳನ್ನು ಎರಡು ವರ್ಷ ಗಮನಿಸಲಾಯಿತು. ಎರಡನೆಯ ವರ್ಷದಲ್ಲಿ ಅವರಲ್ಲಿ ಅರ್ಧದಷ್ಟು ಜೋಡಿಗಳಿಗೆ ಒಂದು ಸಣ್ಣ ಕೆಲಸ ಕೊಡಲಾಯಿತು. ಇಬ್ಬರಿಗೂ ಒಳಿತನ್ನೇ ಬಯಸುವ ಮೂರನೆಯ ವ್ಯಕ್ತಿಯೊಬ್ಬರು ನಿಮ್ಮ ಜಗಳವನ್ನು ನೋಡಿದ್ದರೆ ಅದನ್ನು ಹೇಗೆ ಕಾಣುತ್ತಿದ್ದರು ಎಂದು ಯೋಚಿಸಿ ಬರೆಯಿರಿ ಎಂಬುದೇ ಆ ಕೆಲಸ. ಒಂದು ಸಲಕ್ಕೆ 7 ನಿಮಿಷ, ವರ್ಷದಲ್ಲಿ ಮೂರು ಸಲ, ಒಟ್ಟು 21 ನಿಮಿಷ. ಈ ಕೆಲಸ ಮಾಡದ ಜೋಡಿಗಳಲ್ಲಿ ದಾಂಪತ್ಯದ ಸೊಗಸು ಎರಡನೆಯ ವರ್ಷವೂ ಇಳಿಯುತ್ತಲೇ ಹೋಯಿತು. ಮಾಡಿದವರಲ್ಲಿ ಆ ಇಳಿತ ನಿಂತಿತು.

ಇಬ್ಬರಿಗೂ ಒಳಿತನ್ನೇ ಬಯಸುವ ಮೂರನೆಯ ಕಣ್ಣು ಎಂದರೆ ಶರಣರ ಮನೆಗಳಲ್ಲಿ ಯಾವುದು? ಮಾರಯ್ಯ-ಲಕ್ಕಮ್ಮರ ಗುಡಿಸಲಲ್ಲಿ ಪ್ರತಿದಿನ ಜಂಗಮರು ಬಂದು ಪಂಕ್ತಿಯಲ್ಲಿ ಕೂರುತ್ತಿದ್ದರು. ಬರುವವರಿದ್ದಾರೆ, ಈ ಅಕ್ಕಿಯನ್ನು ಅವರಿಗೇ ಬಡಿಸಬೇಕು ಎಂಬ ಅರಿವು ಇಬ್ಬರ ನಡುವೆ ಸದಾ ಇತ್ತು. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ನೋಡಿದ್ದು ತಮ್ಮ ಕಣ್ಣಿನಿಂದ ಮಾತ್ರವಲ್ಲ, ಆ ಮೂರನೆಯ ಕಣ್ಣಿನಿಂದಲೂ ಹೌದು. ಇಂದು ನಮ್ಮ ಮನೆಗಳಲ್ಲಿ ಗಂಡ-ಹೆಂಡತಿ ಇಬ್ಬರೇ ಎದುರುಬದುರಾಗಿ ನಿಂತಿದ್ದೇವೆ. ನಡುವೆ ಯಾರೂ ಇಲ್ಲದಿರುವುದರಿಂದ ಪ್ರತಿ ಜಗಳವೂ ಗೆಲುವು-ಸೋಲಿನ ಲೆಕ್ಕವಾಗುತ್ತದೆ. ಅಂಗೈಯ ಇಷ್ಟಲಿಂಗ ದಿನವೂ ದಿಟ್ಟಿಸಿ ನೋಡುವ ಸಾಧನೆಯನ್ನು ನಮಗೆ ಕೊಟ್ಟಿದೆ. ಪೂಜೆಯ ಕೊನೆಯಲ್ಲಿ ಒಂದೆರಡು ನಿಮಿಷ, ನಿನ್ನೆ ನಾನಾಡಿದ ಮಾತು ಆ ಸಾಕ್ಷಿಗೆ ಹೇಗೆ ಕೇಳಿಸಿರಬಹುದು ಎಂದು ವಿಚಾರಿಸಿಕೊಂಡರೆ ಪೂಜೆಗೆ ಕುಂದೇನೂ ಬಾರದು.

ದುಡುಕಿನ ಸ್ವಭಾವದವರು ನಿಧಾನಿಗಳನ್ನೇ ಮದುವೆಯಾಗಬೇಕೆಂದು ಕೆಲವರು ವಾದಿಸುತ್ತಾರೆ. ವೋಸ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಬೇರೆ. ಸ್ವಭಾವ ಒಂದೇ ಇದೆಯೇ, ಬೇರೆ ಇದೆಯೇ ಎಂಬುದಕ್ಕಿಂತ ಇಬ್ಬರ ಸಂಯಮವನ್ನು ಕೂಡಿಸಿದಾಗ ಬರುವ ಮೊತ್ತವೇ ಸಂಬಂಧದ ಸೊಗಸನ್ನು ಹೆಚ್ಚು ಚೆನ್ನಾಗಿ ಸೂಚಿಸುತ್ತದೆಂದು ಅವರು ಕಂಡರು. ದಾಂಪತ್ಯದಲ್ಲಿ ಸಂಯಮ ಕೂಡಿಟ್ಟ ಕಾಳಿನ ಕಣಜದಂತೆ. ಇಬ್ಬರೂ ಒಂದೊಂದು ಹಿಡಿ ಹಾಕಿದರೆ ಬರಗಾಲಕ್ಕೆ ಒದಗುತ್ತದೆ. ಒಬ್ಬರೇ ತುಂಬುತ್ತ, ಇನ್ನೊಬ್ಬರೇ ಖಾಲಿ ಮಾಡುತ್ತಿದ್ದರೆ ಅದು ಎಷ್ಟು ದಿನ ಬಂದೀತು? ಸತಿಪತಿಗಳ ಭಕ್ತಿ ಕೂಡಿದರೆ ಮಾತ್ರ ಅದು ದೇವರಿಗೆ ಹಿತವೆಂದು ಜೇಡರ ದಾಸಿಮಯ್ಯನವರು ತಿಳಿಸಿದ ಅಭಿಪ್ರಾಯವನ್ನು ನಾನು ಸಂಯಮಕ್ಕೂ ಅನ್ವಯಿಸಿ ಓದಿಕೊಳ್ಳುತ್ತೇನೆ.

ತಾಳ್ಮೆಗೂ ಒಂದು ಎಲ್ಲೆಯುಂಟು

ಈ ಲೇಖನವನ್ನು ಓದುವ ತಾಯಂದಿರು, ತಂಗಿಯರು ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಕೈ ಎತ್ತುವುದು ದುಡುಕಲ್ಲ, ಹಿಂಸೆ. ಅದನ್ನು ಸ್ವಭಾವವೆಂದು ಕ್ಷಮಿಸುತ್ತ ಕುಳಿತುಕೊಳ್ಳುವಂತೆ ಯಾವ ಶರಣರೂ ಹೇಳಿಲ್ಲ. ಹರಿಹರನು ತನ್ನ ರಗಳೆಯಲ್ಲಿ ಚಿತ್ರಿಸಿದಂತೆ, ಅಕ್ಕಮಹಾದೇವಿಯವರು ಕೌಶಿಕನನ್ನು ಷರತ್ತುಗಳ ಮೇಲೆ ವರಿಸಿದರು. ಅವನು ಆತುರದಲ್ಲಿ ಆ ಷರತ್ತುಗಳನ್ನು ಮುರಿದಾಗ ಅರಮನೆಯನ್ನೇ ಬಿಟ್ಟು ಹೊರಟರು. ಕೂಡಿ ಬಾಳಿದ ಲಕ್ಕಮ್ಮನವರೂ ನಮ್ಮವರೇ, ಬಿಟ್ಟು ನಡೆದ ಅಕ್ಕನವರೂ ನಮ್ಮವರೇ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರಲ್ಲಿ ಬಂದಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಹೊಡೆತಕ್ಕೆ ಸಿಕ್ಕವರು ಆ ಬಾಗಿಲನ್ನು ತಟ್ಟುವುದರಲ್ಲಿ ಧರ್ಮಕ್ಕೆ ಚ್ಯುತಿಯಿಲ್ಲ.

ಎಲ್ಲ ದುಡುಕೂ ಮನಸ್ಸಿನ ಸಂಯಮದಿಂದಲೇ ತಿದ್ದುವಂಥದಲ್ಲ ಎಂಬುದೂ ಅಷ್ಟೇ ಸತ್ಯ. ಮೊದಲು ಹಾಗಿಲ್ಲದ ಮನುಷ್ಯ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟು, ಹಣವನ್ನು ಚೆಲ್ಲುತ್ತ, ದೊಡ್ಡ ದೊಡ್ಡ ಯೋಜನೆಗಳ ಮಾತಾಡತೊಡಗಿದರೆ ಅದು ಕಾಯಿಲೆಯ ಲಕ್ಷಣವಿರಬಹುದು. ಕುಡಿತದಿಂದ ಬರುವ ದುಡುಕಿಗೂ ಚಿಕಿತ್ಸೆ ಬೇಕು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇಂಥವುಗಳಿಗಾಗಿಯೇ ಇವೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವ ನಾವು, ಮನಸ್ಸಿಗೆ ಬಂದ ಜ್ವರಕ್ಕೆ ಸಂಗಾತಿಯ ಸಹನೆಯೊಂದನ್ನೇ ಮದ್ದು ಮಾಡುವುದು ನ್ಯಾಯವಲ್ಲ.

ಕಡೆಯದಾಗಿ ಒಂದು ವಿಚಾರ. ಸಂಯಮವೆಂದರೆ ಆವೇಗವನ್ನು ಕೊಂದುಹಾಕುವುದೆಂದು ಭಾವಿಸಬಾರದು. ಮಾರಯ್ಯನವರಿಗೆ ಲಕ್ಕಮ್ಮನವರು ಅಕ್ಕಿ ಆಯುವ ಕಾಯಕವನ್ನೇ ಬಿಡಿ ಎನ್ನಲಿಲ್ಲ. ಆ ಉತ್ಸಾಹಕ್ಕೆ ಅಳತೆಯನ್ನು ನೆನಪಿಸಿದರು. ಮಾರನೆಯ ದಿನವೂ ಮಾರಯ್ಯನವರು ಅದೇ ಅಂಗಳಕ್ಕೆ ಹೋಗಿ ಅದೇ ಶ್ರದ್ಧೆಯಿಂದ ಬಾಗಿ ಕಾಳು ಆಯ್ದಿರಬೇಕು. ನಮ್ಮ ಸಂಗಾತಿಯಲ್ಲಿರುವ ಬಿರುಸು, ನಗು, ಹಠಾತ್ತನೆ ಕೊಟ್ಟುಬಿಡುವ ಕೈ ಇವುಗಳನ್ನು ಕಂಡೇ ನಾವು ಮೆಚ್ಚಿರುತ್ತೇವೆ. ಆ ಬೆಳಕನ್ನು ಉಳಿಸಿಕೊಂಡು ಸುಡುವ ಕಾವನ್ನು ಮಾತ್ರ ಆರಿಸುವುದು ದಂಪತಿಗಳಿಬ್ಬರೂ ಕೂಡಿ ಮಾಡಬೇಕಾದ ನಿತ್ಯದ ಕಾಯಕ.

ಆದ್ದರಿಂದ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟು. ಮುಂದಿನ ಸಲ ಮನೆಯಲ್ಲಿ ಒಬ್ಬರು ಭರದಿಂದ ಹೊಸ್ತಿಲು ದಾಟಿ ಬಂದಾಗ, ಇನ್ನೊಬ್ಬರು ಸ್ವಭಾವವನ್ನು ಬೈಯದೆ ಅಳತೆಯನ್ನು ಕೇಳಲಿ. ಬಂದವರು ಅಭಿಮಾನವನ್ನು ಕೆಳಗಿಟ್ಟು ಗಂಟನ್ನು ಮತ್ತೆ ಹೆಗಲಿಗೇರಿಸಲಿ. ಅದು ಆ ಗಳಿಗೆಯಲ್ಲೇ ಆಗದಿದ್ದರೆ ರಾತ್ರಿಯ ಊಟವಾದ ಮೇಲಾದರೂ ಆಗಲಿ. ಮಾತನ್ನು ಮಾತ್ರ ಬಾಕಿ ಇಟ್ಟು ಮಲಗುವುದು ಬೇಡ.